ಒಂದೂವರೆ ಹನಿ ಕಂದು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಬೂದಕ್ಕನ ಕಣ್ಣಿಗೆ ಇದ್ದ ಬೆಲೆ ಮಾಲೀಕರ ಸಹಿಗೂ ಇರಲಿಲ್ಲ. ಉಳಿದ ಜಗತ್ತು ‘ಕಡುಗೆಂಪು’ ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಳ್ಳುವ ಕಡೆ ಅವಳಿಗೆ ನೂರಾ ಹದಿನಾಲ್ಕು ಬಣ್ಣಗಳು ಕಾಣುತ್ತಿದ್ದವು. ನೂರಾ ಹದಿಮೂರು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅವರಿಗೆ ಹೊಟ್ಟೆಕಿಚ್ಚು. ಒಮ್ಮೆ ಅವಳು ಮೂರನೇ ಮಹಡಿಯ ಕಿಟಕಿಯಿಂದ ಪಕ್ಕದ ಬೀದಿಯಲ್ಲಿ ಒಣಹಾಕಿದ್ದ ಟವೆಲೊಂದನ್ನು ನೋಡಿ, “ಅದು ನಮ್ಮ ಹಂಡೆಯದ್ದೇ. ಮಳೆಗಾಲದಲ್ಲಿ ಹಾಕಿದ್ದು, ಅವತ್ತು ನೀರು ಸ್ವಲ್ಪ ಗಡುಸಾಗಿತ್ತು” ಎಂದಳು. ಆ ಮಾತು ಕಿವಿಗೆ ಬಿದ್ದ ಟವೆಲಿನ ಯಜಮಾನ, ತನ್ನ ಉಳಿದ ಗುಟ್ಟುಗಳೂ ಬಯಲಾದಾವೆಂದು ಹೆದರಿ ಮನೆಯನ್ನೇ ಬದಲಾಯಿಸಿದ.

ಕಡುಗೆಂಪುಗಳನ್ನು ಬೇರೆ ಮಾಡುವ ವಿದ್ಯೆಯನ್ನು ಅವಳೇನೂ ಬಚ್ಚಿಟ್ಟಿರಲಿಲ್ಲ. ಕೇಳುವವರಿರಲಿಲ್ಲ, ಅಷ್ಟೇ. “ಕಡುಗೆಂಪಿಗೆ ಮೂರೇ ತವರುಮನೆ” ಎನ್ನುತ್ತಿದ್ದಳು. “ಕಂದು, ನೀಲಿ, ಕಪ್ಪು. ಒಳ್ಳೇ ಬೆಳಕಲ್ಲಿ ಎಲ್ಲವೂ ಒಂದೇ ಥರ ಮೆರೀತಾವೆ. ಬೆಳಕು ಒಂಚೂರು ಇಳಿದ್ರೆ ಸಾಕು, ಒಂದೊಂದೂ ಗಂಟುಮೂಟೆ ಕಟ್ಕೊಂಡು ತನ್ನ ತವರಿಗೆ ಓಡುತ್ತೆ.” ಮರೂನ್ ಕಂದಿನ ಕಡೆ ಓಡುತ್ತದೆ, ದ್ರಾಕ್ಷಾರಸದ ಕೆಂಪು ನೀಲಿಯ ಕಡೆ, ಒಣಗಿದ ರಕ್ತದ ಕೆಂಪು ಸೀದಾ ಕಪ್ಪಿನ ಮಡಿಲಿಗೆ. ದಾಳಿಂಬೆ ಕಾಳಿನ ಕೆಂಪೊಂದು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ತವರೇ ಇಲ್ಲ ಪಾಪ, ಇದ್ದಲ್ಲೇ ಇರುತ್ತದೆ.

ಇಂಥ ಕಣ್ಣನ್ನು ಕಾಯುವುದು ಒಲೆಯ ಮೇಲಿನ ಹಾಲನ್ನು ಕಾದಂತೆ, ಅತ್ತಿತ್ತ ತಿರುಗಿದರೆ ಉಕ್ಕಿ ಹೋಗುತ್ತದೆ. ಬಣ್ಣ ಹೊಂದಿಸುವವರು ಬೂದುಬಣ್ಣದ ಮೇಲಂಗಿ ತೊಡಬೇಕು, ಇಲ್ಲದಿದ್ದರೆ ಮೈಮೇಲಿನ ಬಟ್ಟೆಯ ಬಣ್ಣ ಕೈಯಲ್ಲಿರುವ ತುಂಡಿನ ಮೇಲೆ ಬಿದ್ದು ಕಣ್ಣಿಗೆ ಮೋಸವಾಗುತ್ತದೆ ಎಂಬುದು ಆ ಕಸುಬಿನ ಕಟ್ಟಳೆ. ಉಳಿದವರು ಸಂಜೆ ಮೇಲಂಗಿಯನ್ನು ಮೊಳೆಗೆ ನೇತುಹಾಕಿ ಮನೆಗೆ ಹೋಗುತ್ತಿದ್ದರು. ಇವಳು ತೊಟ್ಟುಕೊಂಡೇ ಹೋದಳು. ಆಮೇಲೆ ಗೋಡೆಗೂ ಬೂದು ಬಳಿಸಿದಳು. ಪರದೆ ಬೂದು, ಹಾಸಿಗೆ ಬೂದು, ಲೋಟ ಬೂದು. ಟೊಮೇಟೊ ತಂದರೂ ಕಾಗದದಲ್ಲಿ ಸುತ್ತಿ ಒಳಗೆ ಒಯ್ಯುತ್ತಿದ್ದಳು. ಆ ಮನೆಯ ಜಿರಲೆಗಳೂ ಬಣ್ಣ ಬಿಟ್ಟುಕೊಟ್ಟು ಬೂದಾದವೆಂದು ಪಕ್ಕದ ಮನೆಯವರು ಆಣೆ ಮಾಡಿ ಹೇಳುತ್ತಾರೆ.

ಆ ಮನೆಯಲ್ಲಿ ಮೊದಲು ಅವಳ ತಂಗಿಯೂ ಇದ್ದಳು. ತಂಗಿ ತನ್ನ ಮೊದಲ ಸಂಬಳದಲ್ಲಿ ಒಂದು ಕೆಂಪು ಸ್ವೆಟರು ಕೊಂಡು, ಅದನ್ನು ತೊಟ್ಟುಕೊಂಡೇ ಬಾಗಿಲು ಬಡಿದಿದ್ದಳು. “ಅಯ್ಯೋ, ಅಲ್ಲೇ ತೆಗೆದು ಬಾರೇ, ನಾಳೆ ಕೆಲಸ ಇದೆ ನನಗೆ” ಎಂದಿದ್ದಳು ಅಕ್ಕ. ತಂಗಿ ನಗುನಗುತ್ತಲೇ ಮೆಟ್ಟಿಲ ಮೇಲೆ ನಿಂತು ಸ್ವೆಟರು ತೆಗೆದು ಚೀಲಕ್ಕೆ ಹಾಕಿಕೊಂಡು ಒಳಗೆ ಬಂದಳು. ಜಗಳವೇನೂ ಆಗಲಿಲ್ಲ. ಆಮೇಲೆ ಅವಳು ಬಣ್ಣದ್ದೇನನ್ನೂ ಮನೆಗೆ ತರಲಿಲ್ಲ, ಕೆಲವು ವರ್ಷ ಕಳೆದು ಮದುವೆಯಾಗಿ ಹೊರಟೂ ಹೋದಳು. ಈಗ ಭಾನುವಾರಕ್ಕೊಂದು ಫೋನು.

ಹೀಗಿರುವಾಗ ರಂಗಮಂದಿರದ ಕೆಲಸ ಬಂತು. ಇಪ್ಪತ್ತಾರು ವರ್ಷದ ಹಿಂದೆ ಆ ಮಂದಿರಕ್ಕೆ ಕೆಂಪು ಕೊಟ್ಟವಳು ಬೂದಕ್ಕನೇ. ನೆಲದ ಕಾರ್ಪೆಟ್ಟಿಗೆ ಕಪ್ಪಿನ ಕಡೆ ವಾಲಿದ ಕೆಂಪು, ಪರದೆಗೆ ಕಂದಿನ ಕಡೆಯದು, ಆರುನೂರಾ ಹನ್ನೆರಡು ಕುರ್ಚಿಗಳ ಮಖಮಲ್ಲಿಗೆ ತವರಿಲ್ಲದ ದಾಳಿಂಬೆ. ಒಂದು ಇನ್ನೊಂದನ್ನು ಮುಟ್ಟುವ ಕಡೆಯೆಲ್ಲ ಬೆರಳಗಲದ ತಿಳಿಬಣ್ಣದ ಮರದ ಪಟ್ಟಿ. ಮೂರು ಕೆಂಪುಗಳು ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಚಕಾರವೆತ್ತದೆ ಬಾಳಿದ್ದು ಆ ಪಟ್ಟಿಯ ಪುಣ್ಯದಿಂದ. ಈಗ ಮೂವತ್ತೆಂಟು ಕುರ್ಚಿಗಳ ಬಟ್ಟೆ ಹರಿದಿತ್ತು. ಅವಷ್ಟಕ್ಕೆ ಮಾತ್ರ ಹೊಸದು ಹೊದಿಸಬೇಕಿತ್ತು.

ಬೂದಕ್ಕ ಎರಡು ದಿನ ಆ ಖಾಲಿ ಮಂದಿರದಲ್ಲಿ ಸಾಲು ಸಾಲು ತಿರುಗಿದಳು. ಒಂದು ಕಾಲದಲ್ಲಿ ಒಂದೇ ಹಂಡೆಯಿಂದ ಹೊರಬಂದ ಬಣ್ಣ ಈಗ ಕುರ್ಚಿಗೊಂದು ಥರ ಆಗಿತ್ತು. ಬಾಗಿಲ ಬಳಿಯವು ಬಿಸಿಲು ತಿಂದು ಇಟ್ಟಿಗೆಯಂತಾಗಿದ್ದವು. ನಡುವಿನವು ಸಾವಿರಾರು ಬೆನ್ನುಗಳು ಉಜ್ಜಿ ಮಾಸಿದ್ದವು. ಕಂಬದ ಹಿಂದಿನ ಎರಡು ಕುರ್ಚಿಗಳಿಂದ ವೇದಿಕೆ ಕಾಣದಾದ್ದರಿಂದ ಅಲ್ಲಿ ಯಾರೂ ಕೂರುತ್ತಿರಲಿಲ್ಲ, ಅವು ಮಾತ್ರ ಮೊದಲ ದಿನದಂತೆ ಫಳಫಳ ಹೊಳೆಯುತ್ತಿದ್ದವು. ಬಣ್ಣ ಚೂರೂ ಕೆಟ್ಟಿರಲಿಲ್ಲ. ಅವನ್ನು ನೋಡಿ ಅವಳಿಗೆ ಯಾಕೋ ತನ್ನ ಮನೆ ನೆನಪಾಯಿತು. ಬೇಗ ಮುಂದಿನ ಸಾಲಿಗೆ ನಡೆದಳು.

“ಮೂವತ್ತೆಂಟು ಕುರ್ಚಿಗೆ ಮೂವತ್ತೆಂಟು ಬಣ್ಣನಾ?” ಎಂದು ಮಾಲೀಕರು ತಲೆ ಹಿಡಿದುಕೊಂಡರು. ತಂದೆಯ ಕಾಲದ ನೌಕರಳೆಂದು ಅವರು ಅವಳನ್ನು ಅಕ್ಕ ಎನ್ನುತ್ತಿದ್ದರು. “ಅಕ್ಕಾ, ನಿಮಗೆ ಹುಚ್ಚು ಹಿಡಿದಿದೆಯಾ, ಇಲ್ಲಾ ನನಗೆ ಹಿಡಿಸೋ ಯೋಚನೆನಾ?”

“ಒಂದೇ ಬಣ್ಣ ಹಾಕಿದ್ರೆ ತೇಪೆ ಹಾಕಿದ ಹಾಗಿರುತ್ತೆ ಸರ್. ಹತ್ತಿರದ ಎರಡು ಕೆಂಪು ಅಂದ್ರೆ ಓರಗಿತ್ತಿಯರಿದ್ದ ಹಾಗೆ. ದೂರ ಇದ್ರೆ ಇಬ್ರೂ ಚೆಂದ. ಪಕ್ಕದಲ್ಲಿ ಕೂರಿಸಿದ್ರೋ, ಒಬ್ಬಳ ಮುಂದೆ ಇನ್ನೊಬ್ಬಳು ಕೊಳಕಿ ಅನ್ನಿಸಿಬಿಡ್ತಾಳೆ. ಒಂದೋ ಅವಳಿ ಜವಳಿ ಥರ ಇರಬೇಕು, ಇಲ್ಲಾ ಸಂಬಂಧವೇ ಇಲ್ಲದ ಹಾಗಿರಬೇಕು.”

ಮನೆಯಲ್ಲಿ ಇಬ್ಬರು ಸೊಸೆಯರನ್ನು ಇಟ್ಟುಕೊಂಡಿದ್ದ ಮಾಲೀಕರಿಗೆ ಮಾತು ಥಟ್ಟನೆ ಅರ್ಥವಾಯಿತು. ಒಪ್ಪಿಕೊಂಡರು.

ಮೂರು ತಿಂಗಳು ಬೂದಕ್ಕ ಪುಟ್ಟ ಪುಟ್ಟ ಪಾತ್ರೆಗಳಲ್ಲಿ ಬಣ್ಣ ಕುದಿಸಿದಳು. ಒಂದೊಂದು ಕುರ್ಚಿಗೂ ಅದರ ಎಡಬಲದ ನೆರೆಯವರನ್ನು ನೋಡಿ ಬಣ್ಣ. ಒಂದೊಂದು ತುಂಡನ್ನೂ ಕಿಟಕಿಯ ಬೆಳಕಲ್ಲಿ ನೋಡಿ, ಟ್ಯೂಬ್‌ಲೈಟಿನಲ್ಲಿ ನೋಡಿ, ಹಳದಿ ಬಲ್ಬಿನಲ್ಲಿ ನೋಡಿ, ನಡುನಡುವೆ ಬೂದುಗೋಡೆ ನೋಡುತ್ತ ಕಣ್ಣಾರಿಸಿಕೊಂಡು ಮತ್ತೆ ನೋಡುತ್ತಿದ್ದಳು. ಕುರ್ಚಿಗೆ ಬಟ್ಟೆ ಹೊಲಿದು ಬಿಗಿಯುತ್ತಿದ್ದವನು ಸೂಜಿಮಾಮ. ಅವನ ಬಾಯಲ್ಲಿ ಯಾವಾಗಲೂ ಹನ್ನೆರಡು ಮೊಳೆಗಳಿರುತ್ತಿದ್ದವು, ಮಾತು ಅವುಗಳ ಸಂದಿಯಿಂದಲೇ ನುಸುಳಿ ಬರಬೇಕು.

ಮೂವತ್ತೇಳನೆಯ ಕುರ್ಚಿ ಮುಗಿದ ದಿನ ರಂಗಮಂದಿರದ ಮ್ಯಾನೇಜರು ಬಂದರು. ಸಾಲುಗಳ ನಡುವೆ ಅತ್ತಿಂದಿತ್ತ ಓಡಾಡಿದರು. ಬೂದಕ್ಕ ಪಕ್ಕಕ್ಕೆ ನಿಂತಿದ್ದಳು. ಯಾವ ಕುರ್ಚಿಯ ಮುಂದೆ ನಿಂತು ಏನನ್ನುತ್ತಾರೋ ಎಂದು ಅವಳ ಕಣ್ಣು ಅವರ ಬೂಟಿನ ಹಿಂದೆಯೇ ಹೋಗುತ್ತಿತ್ತು.

“ಏನ್ರೀ ಇದು?” ಎಂದರು ಮ್ಯಾನೇಜರು. “ಮೂರು ತಿಂಗಳಾಯ್ತು, ಕೆಲಸ ಇನ್ನೂ ಶುರುನೇ ಮಾಡಿಲ್ವಾ?”

ಸೂಜಿಮಾಮ ನಕ್ಕ ರಭಸಕ್ಕೆ ಬಾಯಿಯ ಹನ್ನೆರಡೂ ಮೊಳೆಗಳು ಸಿಡಿದು, ಒಂದು ವೇದಿಕೆಯವರೆಗೂ ಹೋಯಿತು. “ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ ನಿನಗೆ!” ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದ. ಬೂದಕ್ಕನೂ ನಕ್ಕಳು. ಮನೆಗೆ ಬಂದು, ಬೂದುಲೋಟದಲ್ಲಿ ನೀರು ತುಂಬಿಕೊಂಡು ಕುಡಿಯದೆ ಕೂತಳು. ಮೂವತ್ತೊಂದು ವರ್ಷ ತಾನು ಮಾಡಿದ್ದೆಲ್ಲವೂ, ಸರಿಯಾಗಿದ್ದುದಕ್ಕೇ, ಯಾರಿಗೂ ಕಾಣದೆ ಹೋಗಿತ್ತು. ಹಾಡುವವರು ಅಪಸ್ವರ ಹಾಡದಿದ್ದರೆ ಜನ ಚಪ್ಪಾಳೆ ತಟ್ಟುತ್ತಾರೆ. ಬಣ್ಣ ಹೊಂದಿಸುವವಳು ಅಪಸ್ವರ ಹಾಡದಿದ್ದರೆ, ಅವಳು ಬಾಯಿ ತೆರೆದದ್ದೇ ಯಾರಿಗೂ ಗೊತ್ತಾಗುವುದಿಲ್ಲ.

ಮರುದಿನ ಉಳಿದಿದ್ದ ಕೊನೆಯ ತುಂಡು, ನಾಲ್ಕನೇ ಸಾಲಿನ ಒಂಬತ್ತನೇ ಕುರ್ಚಿಯದು, ಪಾತ್ರೆಯಲ್ಲಿ ಕುದಿಯುತ್ತಿದ್ದಾಗ ಬೂದಕ್ಕ ಅದಕ್ಕೆ ಬೇಕೆಂದೇ ಒಂದೂವರೆ ಹನಿ ಕಂದು ಹೆಚ್ಚು ಬಿಟ್ಟಳು.

ಒಂದೂವರೆ ಹನಿ ಏನು ಮಹಾ ಎನ್ನಬೇಡಿ. ಅವಳ ಕಣ್ಣಿಗೆ ಆ ಕುರ್ಚಿ ಹಲ್ಲುಸಾಲಿನಲ್ಲಿ ಉದುರಿದ ಹಲ್ಲಿನಂತೆ ಕಾಣುತ್ತಿತ್ತು. ಯಾರಾದರೂ ಒಬ್ಬರು, ಒಂದೇ ಒಬ್ಬರು, ಅದರ ಮುಂದೆ ನಿಂತು “ಇದು ಬೇರೆ” ಎಂದರೆ ಸಾಕಿತ್ತು. ಹಾಗೆಂದ ಗಳಿಗೆಯಲ್ಲೇ ತನ್ನ ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲಾಗುತ್ತದೆ ಎಂಬುದೂ ಗೊತ್ತಿತ್ತು. ಆದರೂ ಬಿಟ್ಟಳು. ಸೂಜಿಮಾಮ ಆ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಹೊಲಿದ, ಬಿಗಿದ, ಗಟ್ಟಿಯಾಗಿದೆಯೇ ನೋಡಲು ಅದರ ಮೇಲೇ ಕೂತು ಟೀ ಕುಡಿದ. ಅವನಿಗೆ ಕಾಣಲಿಲ್ಲ.

ಅಲ್ಲಿಂದ ಐದು ಶನಿವಾರ ಬೂದಕ್ಕ ಮಧ್ಯಾಹ್ನದ ನಾಟಕಕ್ಕೆ ಹೋದಳು. ಐದು ವಾರವೂ ಐದನೇ ಸಾಲು. ವೇದಿಕೆಯ ಮೇಲೆ ಯಾರು ಯಾರನ್ನು ಕೊಂದರೋ, ಯಾರು ಯಾರ ಕೈಹಿಡಿದರೋ ಅವಳಿಗೆ ಗೊತ್ತಿಲ್ಲ, ಅವಳು ನೋಡಿದ್ದು ಕುರ್ಚಿಯನ್ನು. ಮೊದಲ ವಾರ ಒಬ್ಬ ದಢೂತಿ ಮನುಷ್ಯ ಬಂದು ಕುಕ್ಕರಿಸಿ, ತೆರೆ ಏಳುವ ಮೊದಲೇ ಗೊರಕೆ ಹೊಡೆದ. ಎರಡನೇ ವಾರ ಒಬ್ಬಳು ಕೂರುವ ಮುನ್ನ ಬಗ್ಗಿ ಕುರ್ಚಿಯನ್ನು ದಿಟ್ಟಿಸಿದಳು. ಬೂದಕ್ಕ ತನ್ನ ಕುರ್ಚಿಯ ತುದಿಗೆ ಸರಿದಳು. ಆ ಹೆಂಗಸು ಕುರ್ಚಿಯ ನಂಬರು ಓದುತ್ತಿದ್ದಳು. ಮೂರನೇ ವಾರದವನು ಅಲ್ಲಿ ಒದ್ದೆ ಕೊಡೆ ಇಟ್ಟು ಪಕ್ಕದಲ್ಲಿ ಕೂತ. ನಾಲ್ಕನೆಯ ವಾರ ಕುರ್ಚಿ ಖಾಲಿ. ಐದನೆಯ ವಾರ ಒಂದು ಮಗು ಅದರ ಮೇಲೆ ಕೈಯಾಡಿಸಿ, “ಅಮ್ಮಾ, ಇದು...” ಎಂದಿತು. ಬೂದಕ್ಕ ಮುಂದಕ್ಕೆ ಬಾಗಿದಳು. “...ಮೆತ್ತಗಿದೆ” ಎಂದಿತು ಮಗು.

“ನಾಟಕ ನೋಡೋ ಗೀಳು ಯಾವಾಗ ಹತ್ತಿತೇ ಅಕ್ಕಾ ನಿನಗೆ?” ಎಂದು ಭಾನುವಾರದ ಫೋನಿನಲ್ಲಿ ತಂಗಿ ಕೇಳಿದಳು.

“ನಾಟಕ ಅಲ್ವೇ. ಕುರ್ಚಿ ನೋಡೋಕೆ ಹೋಗ್ತೀನಿ. ಒಂದರ ಕೆಂಪು ಬೇರೆ ಇದೆ.”

“ಕೆಂಪು ಅಂದ್ರೆ ಕೆಂಪು ಕಣೇ. ಅದರಲ್ಲೇನು ಬೇರೆ? ಊಟ ಮಾಡಿದ್ಯಾ?”

“ಮಾಡಿದೆ.”

“ಏನು ಮಾಡ್ಕೊಂಡಿದ್ದೆ?”

ಬೂದಕ್ಕನಿಗೆ ನೆನಪಾಗಲಿಲ್ಲ. ಏನೋ ಹೇಳಿದಳು. ತಂಗಿಯ ಮನೆಯಲ್ಲಿ ಹಿಂದಿನಿಂದ ಯಾರೋ ಕೂಗಿದರು, ಪಾತ್ರೆಯೊಂದು ಬಿತ್ತು, ನಗು ಕೇಳಿಸಿತು. “ಮುಂದಿನ ವಾರ ಮಾಡ್ತೀನಿ” ಎಂದು ತಂಗಿ ಫೋನು ಇಟ್ಟಳು. ಇತ್ತ ಬೂದುಗೋಡೆಯ ನಡುವೆ ಫ್ರಿಜ್ಜೊಂದೇ ಗೊಣಗುತ್ತಿತ್ತು. ಆ ಮನೆಯ ಮೌನವನ್ನು ಕೊಯ್ದು ಮಾರಿದ್ದರೆ ಊರಿನ ಅರ್ಧ ಆಸ್ಪತ್ರೆಗಳಿಗೆ ಸಾಕಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಮಾಲೀಕರು ಒಂದು ಚೀಟಿಯನ್ನು ಅವಳ ಮೇಜಿನ ಮೇಲೆ ಬಡಿದರು. ರಂಗಮಂದಿರದಿಂದ ಬಂದದ್ದು. ‘ಒಂದು ಕುರ್ಚಿಯ ಬಣ್ಣ ಸರಿಯಿಲ್ಲವೆಂದು ನಮ್ಮ ದೀಪದವರು ಹೇಳುತ್ತಾರೆ. ದಯವಿಟ್ಟು ನೋಡುವುದು.’

“ನಮ್ಮಪ್ಪನ ಕಾಲದಿಂದ ನಿಮ್ಮ ಮೇಜಿಗೆ ಒಂದೂ ದೂರು ಬಂದಿಲ್ಲ ಅಕ್ಕಾ. ಇದೇ ಮೊದಲು. ಶುಕ್ರವಾರದೊಳಗೆ ಸರಿ ಮಾಡಿ. ಇಲ್ಲಾಂದ್ರೆ ಕೆಂಪು ಬೇರೆಯವರಿಗೆ ಕೊಡ್ತೀನಿ, ನೀವು ಚೀಲದ ಬಟ್ಟೆಗೆ ಖಾಕಿ ನೋಡ್ಕೊಂಡಿರಿ. ನಗ್ತಿದ್ದೀರಾ?”

“ಇಲ್ಲ ಸರ್.”

“ನಗ್ತಿದ್ದೀರಿ!”

ಅವಳು ನಗುತ್ತಿದ್ದಳು. ಮೂವತ್ತೊಂದು ವರ್ಷ ಒಳಗೇ ಇದ್ದ ನಗು ಒಮ್ಮೆಲೇ ಹೊರಗೆ ಬಂದರೆ ಹೇಗಿರಬೇಕು? ಆ ನಗುವಿಗೆ ಕಾರ್ಖಾನೆಯ ಕಿಟಕಿಗಾಜುಗಳು ಅದುರಿದವು. ಬೀದಿಯಲ್ಲಿ ಅವಳು ನಡೆಯಲಿಲ್ಲ, ಕಾಲು ನೆಲಕ್ಕೆ ಮುಟ್ಟಿದ್ದನ್ನು ನೋಡಿದವರಿಲ್ಲ. ದಾರಿಯಲ್ಲಿ ಅಂಗಡಿಯೊಂದರ ಗಾಜಿನಲ್ಲಿ ನೋಡಿ ಕೂದಲು ಸರಿಮಾಡಿಕೊಂಡಳು. ಎರಡು ಸಲ.

ಬೆಳಗಿನ ಹೊತ್ತು ಮಂದಿರ ಖಾಲಿ. ವೇದಿಕೆಯ ಪಕ್ಕದ ಗೋಡೆಯ ಮೇಲೆ, ನಲವತ್ತೆರಡು ಕಬ್ಬಿಣದ ಮೆಟ್ಟಿಲುಗಳ ತುದಿಯಲ್ಲಿ ಗೂಡಿನಂಥ ಕೋಣೆ. ಅಲ್ಲಿ ಕೂತು ಸಭೆಯ ಕಡೆ ಮುಖ ಮಾಡಿ ಒಬ್ಬ ಐವತ್ತರ ಮನುಷ್ಯ ದೀಪಗಳ ಗಾಜು ಒರೆಸುತ್ತಿದ್ದ.

“ಕುರ್ಚಿ ಬಣ್ಣ ಸರಿಯಿಲ್ಲ ಅಂದಿದ್ದು ನೀವೇನಾ?” ಎಂದು ಬೂದಕ್ಕ ಕೆಳಗಿನಿಂದ ಕೂಗಿದಳು.

“ಬಯ್ಯೋಕೆ ಬಂದ್ರಾ? ಹಾಗಾದ್ರೆ ನಾನು ಇಳಿಯಲ್ಲ. ಇಲ್ಲಿಗೇ ಚೆನ್ನಾಗಿ ಕೇಳಿಸುತ್ತೆ, ಬಯ್ಯಿರಿ.”

“ಬಯ್ಯಲ್ಲ. ನಾನು ಬಣ್ಣ ಹಾಕಿದವಳು. ಎಲ್ಲರೂ ಬೂದಕ್ಕ ಅಂತಾರೆ.”

“ನನ್ನನ್ನ ಗೂಬೆ ಅಂತಾರೆ. ಹತ್ತೊಂಬತ್ತು ವರ್ಷದಿಂದ ಕತ್ತಲಲ್ಲಿ ಕೂತವನಿಗೆ ಇನ್ನೇನಂತಾರೆ ಬಿಡಿ.”

“ಅದು ಯಾವ ಕಡೆ ವಾಲಿದೆ ಹೇಳಿ” ಎಂದಳು ಬೂದಕ್ಕ. ಈ ಪ್ರಶ್ನೆಯನ್ನು ಇನ್ನೊಬ್ಬರ ಕಣ್ಣಿಗೆ ಕೇಳಿದ್ದು ಅದೇ ಮೊದಲು. “ಕಂದಿಗಾ?”

“ಕಂದಿಗಲ್ಲ. ನೀಲಿಗೆ.”

ಬೂದಕ್ಕನ ಮುಖದ ನಗು ಹಾಗೇ ನಿಂತಿತು, ಅದನ್ನು ಎಲ್ಲಿಡಬೇಕೆಂದು ಗೊತ್ತಾಗದವಳಂತೆ. “ಸರಿಯಾಗಿ ನೋಡಿದ್ರಾ? ನಾಲ್ಕನೇ ಸಾಲು, ಒಂಬತ್ತನೇದು?”

“ನಾಲ್ಕನೇ ಸಾಲಾ? ಅಲ್ಲ, ಹನ್ನೆರಡನೇದು. ಗೋಡೆ ಕಡೆಯಿಂದ ಮೂರನೇ ಕುರ್ಚಿ. ತಾಳಿ, ತೋರಿಸ್ತೀನಿ.”

ಹನ್ನೆರಡನೇ ಸಾಲಿನ ಮೂರನೆಯದನ್ನು ಅವಳು ಬೇಕೆಂದು ಕೆಡಿಸಿರಲಿಲ್ಲ. ಅದು ಅವಳ ಮೂವತ್ತೆಂಟರಲ್ಲೇ ಅಚ್ಚುಕಟ್ಟಾದ ಕೆಲಸ. ಅವಳು ಅದರ ಮುಂದೆ ಹೋಗಿ ನಿಂತಳು. ಎಡಗಡೆಯದನ್ನು ನೋಡಿದಳು, ಬಲಗಡೆಯದನ್ನು ನೋಡಿದಳು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಈ ಮನುಷ್ಯನಿಗೆ ಕಣ್ಣೂ ಇಲ್ಲ, ಏನೂ ಇಲ್ಲ ಎಂದುಕೊಳ್ಳುವಷ್ಟರಲ್ಲಿ ಬಿಳಿದೀಪ ಆರಿ, ಮೇಲಿನಿಂದ ನೀಲಿ ಬೆಳಕು ಇಳಿಯಿತು. ನಾಟಕದ ದೃಶ್ಯ ಬದಲಾಗುವಾಗ ಒಂದು ನಿಮಿಷ ಹಾಕುವ ದೀಪ ಅದು. ಸಾಲಿನ ಕುರ್ಚಿಗಳೆಲ್ಲ ಕಪ್ಪಾದವು. ಮೂರನೆಯದೊಂದು ಮಾತ್ರ ಜಜ್ಜಿದ ನೇರಳೆಹಣ್ಣಿನಂತೆ ನೀಲಿಗಟ್ಟಿ ಮೇಲೆದ್ದು ಕೂತಿತು.

ಆ ತುಂಡಿಗೆ ಬಣ್ಣ ಕುದಿಸಿದ ದಿನ ಕಂದಿನ ಡಬ್ಬಿ ತಳ ಕಂಡಿತ್ತು. ಬೇರೆ ಎರಡು ಪುಡಿ ಬೆರೆಸಿ ಅದೇ ಬಣ್ಣ ತಂದಿದ್ದಳು, ತಂದೆನೆಂದು ಬೀಗಿದ್ದಳು. ಕಿಟಕಿ, ಟ್ಯೂಬ್‌ಲೈಟು, ಬಲ್ಬು, ಮೂರೂ ಬೆಳಕು ಹೂಂ ಎಂದಿದ್ದವು. ನಾಲ್ಕನೆಯ ಬೆಳಕೊಂದು ಈ ಗೂಡಿನಲ್ಲಿ ಕೂತಿದೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ. ಐದು ಶನಿವಾರ ಇದೇ ನೀಲಿಯಲ್ಲಿ ಅವಳು ಐದನೇ ಸಾಲಿನಲ್ಲಿ ಕೂತಿದ್ದಳು, ಮುಂದಿನ ಸಾಲನ್ನು ನೋಡುತ್ತ. ಹಿಂದಕ್ಕೆ ಒಮ್ಮೆಯೂ ತಿರುಗಿರಲಿಲ್ಲ. ಅವಳು ಆ ಕುರ್ಚಿಯ ಮೇಲೇ ಕೂತಳು.

ಗೂಬೆ ನಲವತ್ತೆರಡು ಮೆಟ್ಟಿಲು ಇಳಿದು ಬಂದ. “ಬೇಜಾರು ಮಾಡ್ಕೋಬೇಡಿ ಅಕ್ಕಾ. ದಿನಾ ಬೆಳಿಗ್ಗೆ ನಾನೊಬ್ಬನೇ ಎಲ್ಲಾ ದೀಪ ಹಾಕಿ ಪರೀಕ್ಷೆ ಮಾಡ್ತೀನಿ. ನೋಡೋಕೆ ಬೇರೇನಿದೆ ಇಲ್ಲಿ, ಕುರ್ಚಿ ಬಿಟ್ಟು? ಹಾಗಾಗಿ ಕಣ್ಣಿಗೆ ಬಿತ್ತು.”

“ಬೇಜಾರಲ್ಲ” ಎಂದಳು ಬೂದಕ್ಕ. “ನನಗೆ ಇದುವರೆಗೆ ಯಾರೂ ಒಂದು ಬಣ್ಣ ತೋರಿಸಿರಲಿಲ್ಲ.” ಎದ್ದು ನಿಂತು, “ನಾಳೆ ಮೂರು ತುಂಡು ತರ್ತೀನಿ. ಈ ದೀಪದ ಕೆಳಗೆ ನೀವೇ ನೋಡಿ ಆರಿಸಬೇಕು” ಎಂದಳು.

“ನಾಳೆ ನನಗೆ ರಜ.”

“ನಾಡಿದ್ದು?”

“ರಜ ಅಂತ ಹೋಗೋದಾದ್ರೂ ಎಲ್ಲಿಗೆ? ನಾಳೆನೇ ಬನ್ನಿ” ಎಂದ ಗೂಬೆ. “ನಾಲ್ಕನೇ ಸಾಲು ಏನೋ ಅಂದ್ರಲ್ಲ?”

ಅವಳು ಅವನನ್ನು ಕರೆದುಕೊಂಡು ಹೋಗಿ ಒಂಬತ್ತನೇ ಕುರ್ಚಿಯ ಮುಂದೆ ನಿಲ್ಲಿಸಿದಳು. ಗೂಬೆ ನೋಡಿದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ, ತಲೆ ಓರೆ ಮಾಡಿ ನಿಜವಾದ ಗೂಬೆಯಂತೆಯೇ ನೋಡಿದ.

“ಇಲ್ಲಕ್ಕಾ. ಎಲ್ಲಾ ಒಂದೇ ಥರ ಇದೆ. ಸುಮ್ನೆ ಕಾಣ್ತು ಅಂದುಬಿಡ್ಲಾ?”

“ಬೇಡ.”

“ಏನಾಗಿದೆ ಇದಕ್ಕೆ?”

“ಒಂದೂವರೆ ಹನಿ ಕಂದು ಜಾಸ್ತಿ ಇದೆ. ನಾನೇ ಹಾಕಿದ್ದು, ಬೇಕು ಅಂತ.”

“ಯಾಕೆ?”

ಬೂದಕ್ಕನಿಗೆ ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳುವುದು ಮೂವತ್ತೆಂಟು ಬಣ್ಣ ಕುದಿಸುವುದಕ್ಕಿಂತ ಕಷ್ಟವಾಯಿತು. “ಯಾರಾದ್ರೂ ನೋಡ್ಲಿ ಅಂತ” ಎಂದಳು.

ಗೂಬೆ ನಗಲಿಲ್ಲ. ಕುರ್ಚಿಯನ್ನೂ ಅವಳನ್ನೂ ಒಮ್ಮೆ ನೋಡಿ, ಧಡಧಡ ಮೆಟ್ಟಿಲು ಹತ್ತಿಹೋದ. ಮಂದಿರ ಹಳದಿಯಾಯಿತು. ಇಳಿದು ಬಂದು ಕುರ್ಚಿಯ ಮುಂದೆ ಬಗ್ಗಿದ. “ಊಹೂಂ.” ಮತ್ತೆ ಹತ್ತಿದ. ಮಂದಿರ ಹಸಿರಾಯಿತು. ಇಳಿದ, ಬಗ್ಗಿದ, “ಇಲ್ಲ.” ಕಿತ್ತಳೆ ಬಂತು, ತೆಳುಬಿಳಿ ಬಂತು, ಬೆಂಕಿಯ ದೃಶ್ಯಕ್ಕೆ ಹಾಕುವ ಕೆಂಪೂ ಬಂತು. ಅವನು ಅವತ್ತು ಹತ್ತಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನಿಗೆ ಕೈ ತಾಗುತ್ತಿತ್ತು. ಮಂಡಿಗಳು ಲಟಲಟ ಎನ್ನುವುದು ಕೊನೆಯ ಸಾಲಿಗೂ ಕೇಳಿಸುತ್ತಿತ್ತು.

“ಸಾಕು ಬಿಡಿ, ಕಾಲು ಹೋಗುತ್ತೆ” ಎಂದಳು ಬೂದಕ್ಕ.

“ತಾಳಿ ಅಕ್ಕಾ, ಇನ್ನೂ ಆರು ದೀಪ ಇದೆ” ಎಂದ ಅವನು, ಏದುಸಿರು ಬಿಡುತ್ತ, ಮೆಟ್ಟಿಲ ಅರ್ಧದಿಂದ. “ನೀವು ಅಲ್ಲೇ ನಿಂತಿರಿ.”

ಅವಳು ಅಲ್ಲೇ ನಿಂತಳು.